ಅವ್ವನ ಡೇಲಿಯಾ

ಬಿಟ್ಟಂಗಾಲದ ನಮ್ಮ ಮನೆಯಲ್ಲಿ ಋತು ತಿಳಿಯಲು ಪಂಚಾಂಗ ಬೇಕಿರಲಿಲ್ಲ. ಬೇಸಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿತೋಟ ಬೆಳ್ಳಗಾಗಿ ಘಮ್ಮೆನ್ನುತ್ತಿತ್ತು. ಮಳೆಗಾಲ ಇಳಿಯುತ್ತಲೇ ಅಂಗಳದಲ್ಲಿ ಡೇಲಿಯಾ, ಚೆಂಡುಹೂ. ಡೇಲಿಯಾದ ಗೆಡ್ಡೆಗಳನ್ನು ಅಟ್ಟದ ಮೇಲೆ ಮರಳಿನಲ್ಲಿ ಕಾಪಾಡಿ ಮತ್ತೆ ನೆಡುತ್ತಿದ್ದ ಅವ್ವ, ಅದು ತನ್ನ ತವರಿನ ಹೂವೆಂದೇ ಹೇಳುತ್ತಿದ್ದಳು.

ಚರಿತ್ರೆ ಬೇರೆ ಮಾತು ಹೇಳುತ್ತದೆ. ಡೇಲಿಯಾದ ತವರು ಮೆಕ್ಸಿಕೊ. ಅಲ್ಲಿಂದ ಸ್ಪೇನಿಗೆ ಬಂದ ಆ ಗಿಡಕ್ಕೆ 1791ರಲ್ಲಿ ಮ್ಯಾಡ್ರಿಡ್ಡಿನ ಕವನಿಲ್ಲೆಸ್ ಎಂಬ ಸಸ್ಯಶಾಸ್ತ್ರಜ್ಞ, ಸ್ವೀಡನ್ನಿನ ಆಂಡರ್ಸ್ ಡಾಲ್‌ನ ನೆನಪಿಗಾಗಿ ಹೆಸರಿಟ್ಟ. ಮಲೆನಾಡಿನ ನಾಲಗೆ ಅದನ್ನು ‘ಡೇರೆ’ ಮಾಡಿಕೊಂಡಿತು. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ ಮೇಲೆ ಎದ್ದ ತೋಟದ ಬಂಗಲೆಗಳಿಂದಲೇ ಅದು ನಮ್ಮ ಅಂಗಳಗಳಿಗೆ ಇಳಿದಿರಬೇಕೆಂದು ನನ್ನ ಎಣಿಕೆ. ಚೆಂಡುಹೂವೂ ಮೆಕ್ಸಿಕೊ ಕಡೆಯದೇ, ಕಾಫಿಯಂತೂ ಆಫ್ರಿಕದ್ದು.

ಹಾಗಾದರೆ ನಮ್ಮದೆನ್ನುವ ಹೂ ಯಾವುದು? ಬೇಲಿಯ ತೋಕ್‌ಪೂ, ಬಯಲುಸೀಮೆಯವರ ಗೌರಿ ಹೂ. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಕೋವಿಯ ನಳಿಗೆಗೆ ಅದನ್ನೇ ಸಿಕ್ಕಿಸುವುದು. ‘ತೋಕ್’ ಎಂದರೆ ಕೋವಿ. (ಆ ಕೋವಿಯೂ ಹೊರಗಿನಿಂದ ಬಂದದ್ದೇ, ಬಿಡಿ!) ಅದನ್ನು ಯಾರೂ ನೆಡುವುದಿಲ್ಲ, ನೀರೆರೆಯುವುದಿಲ್ಲ.

ಇದನ್ನೆಲ್ಲ ಒಮ್ಮೆ ಅವ್ವನಿಗೆ ವಿವರಿಸಿದೆ. “ಮೆಕ್ಸಿಕೊದವರು ಬಂದು ಗೊಬ್ಬರ ಹಾಕಿದರೇನೋ?” ಎಂದಳು.

ಅವ್ವ ತೀರಿಕೊಂಡ ವರ್ಷ ಅಟ್ಟದ ಗೆಡ್ಡೆಗಳ ನೆನಪು ನನಗಾಗಲಿಲ್ಲ. ಕೈಲ್‌ಪೊಳ್ದಿಗೆ ಊರಿಗೆ ಹೋದಾಗ ಬೇಲಿಯಲ್ಲಿ ತೋಕ್‌ಪೂ ಅರಳಿತ್ತು, ಅಂಗಳ ಬರಿದಾಗಿತ್ತು.