ಮನೆಯಲ್ಲಿ ಮುದ್ರಿತವಾದ ಹಾಡು

ಹಾಡುವವನಿಗೂ ಅವನ ಹಾಡು ಅಚ್ಚಾಗುವ ತಟ್ಟೆಗೂ ನಡುವೆ ನಾಲ್ಕಾರು ಮಂದಿ ನಿಂತಿರಲೇಬೇಕೆಂಬುದು ಗ್ರಾಮಫೋನ್ ಕಂಪನಿಗಳು ಬಹುಕಾಲ ಪಾಲಿಸಿಕೊಂಡು ಬಂದ ಸಂಪ್ರದಾಯ. 1931ರಲ್ಲಿ ಲಂಡನ್ನಿನ ಅಬೆ ರೋಡಿನಲ್ಲಿ ತೆರೆದ ಇ.ಎಂ.ಐ. ಸ್ಟುಡಿಯೋದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮತ್ತೆ ಹಾಡಿಸಬೇಕು ಎಂದು ತೀರ್ಮಾನಿಸುವವನು ನಿರ್ಮಾಪಕ. ಗುಂಡಿಗಳನ್ನು ತಿರುಗಿಸುವವನು ಎಂಜಿನಿಯರು. ಯಂತ್ರವನ್ನು ಬಿಚ್ಚಿ ನೋಡುವ ಅಧಿಕಾರ ಬಿಳಿಯ ಕೋಟು ತೊಟ್ಟ ತಂತ್ರಜ್ಞರದು. ಗಾಯಕನ ಪಾಲಿಗೆ ಉಳಿಯುತ್ತಿದ್ದುದು ಹಾಡುವ ಕೆಲಸವೊಂದೇ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ದಶಕದಲ್ಲಿಯೇ ತನ್ನ ಮನೆಯ ಗ್ಯಾರೇಜಿನಲ್ಲಿ ಕುಳಿತು, ತನ್ನ ವಾದನದ ಮೇಲೆ ತನ್ನದೇ ವಾದನವನ್ನು ಹೇರಿ ಮುದ್ರಿಸಿದ್ದನೆಂಬುದು ನಿಜವಾದರೂ, ಯಂತ್ರಗಳನ್ನು ತಾನೇ ನಿರ್ಮಿಸಬಲ್ಲ ಆತನನ್ನು ಸಾಮಾನ್ಯ ಗಾಯಕರ ಸಾಲಿಗೆ ಸೇರಿಸುವಂತಿಲ್ಲ.

ಈ ಕಟ್ಟಳೆಯಿಂದ ಹೊರಬಂದು ಜಗತ್ತಿನ ಕಣ್ಣಿಗೆ ಬಿದ್ದವನು ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿ. 1969ರ ಸೆಪ್ಟೆಂಬರಿನಲ್ಲಿ ಜಾನ್ ಲೆನನ್ ತಾನು ಬೀಟಲ್ಸ್ ಮೇಳವನ್ನು ಬಿಡುವುದಾಗಿ ಗೆಳೆಯರೊಡನೆ ಗುಟ್ಟಾಗಿ ಹೇಳಿದ ಬಳಿಕ, ಸ್ಕಾಟ್ಲೆಂಡಿನ ತನ್ನ ತೋಟದ ಮನೆಯಲ್ಲಿ ಖಿನ್ನನಾಗಿ ದಿನ ಕಳೆದ ಮೆಕಾರ್ಟ್ನಿ ವರ್ಷಾಂತ್ಯಕ್ಕೆ ಲಂಡನ್ನಿಗೆ ಮರಳಿ, ಸೇಂಟ್ ಜಾನ್ಸ್ ವುಡ್‌ನಲ್ಲಿದ್ದ ಮನೆಗೆ ನಾಲ್ಕು ಟ್ರ್ಯಾಕುಗಳ ಸ್ಟೂಡರ್ ಟೇಪ್ ಯಂತ್ರವೊಂದನ್ನು ತರಿಸಿಕೊಂಡನು. ಧ್ವನಿಗಳನ್ನು ಹದಗೊಳಿಸುವ ಮಿಕ್ಸರ್ ಇರಲಿಲ್ಲ. ಧ್ವನಿ ಎಷ್ಟು ಏರಿತೆಂದು ತೋರಿಸುವ ಮುಳ್ಳೂ ಇರಲಿಲ್ಲ. ಇದ್ದ ಒಂದೇ ಮೈಕಿನ ತಂತಿಯನ್ನು ನೇರವಾಗಿ ಯಂತ್ರದ ಬೆನ್ನಿಗೆ ಸಿಕ್ಕಿಸಿ, ಅಂದಾಜಿನ ಮೇಲೆ ಮುದ್ರಿಸಿ, ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿ, ಸರಿಯಿಲ್ಲವೆನಿಸಿದರೆ ಮೈಕನ್ನು ಸ್ವಲ್ಪ ಸರಿಸಿ ಮತ್ತೆ ಮುದ್ರಿಸುವುದೇ ಅಲ್ಲಿ ನಡೆದ ಕ್ರಮ. ಡ್ರಮ್ಸು, ಗಿಟಾರು, ಪಿಯಾನೊ ಎಲ್ಲವನ್ನೂ ತಾನೇ ನುಡಿಸಿದನು; ಜೊತೆಗೆ ದನಿಗೂಡಿಸಿದವಳು ಪತ್ನಿ ಲಿಂಡಾ. ಯಂತ್ರ ನೆಟ್ಟಗೆ ಕೆಲಸ ಮಾಡುತ್ತದೆಯೇ ಎಂದು ನೋಡಲೆಂದೇ ಅವಳ ಮೇಲೆ ಹಾಡಿದ, ಒಂದು ನಿಮಿಷವೂ ತುಂಬದ ತುಣುಕಿನ ಕೊನೆಯಲ್ಲಿ, ಅವಳು ತೋಟಕ್ಕೆ ಹೋಗುವಾಗ ಬಾಗಿಲು ಕಿರುಗುಟ್ಟಿದ್ದೂ ಸೇರಿಕೊಂಡಿತು. ಸ್ಟುಡಿಯೋದಲ್ಲಾಗಿದ್ದರೆ ಮರುಕ್ಷಣವೇ ಅಳಿಸಿಹೋಗುತ್ತಿದ್ದ ಆ ತುಣುಕು ಇಲ್ಲಿ, ಈ ಮುದ್ರಣಗಳಿಂದ ಮೂಡಿದ ಆಲ್ಬಮ್ಮಿನ ಮೊದಲ ಹಾಡಾಗಿ ನಿಂತಿತು. ಎರಡು ವರ್ಷಗಳ ಹಿಂದೆ ಋಷಿಕೇಶದಲ್ಲಿ, ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಮೊಳೆತಿದ್ದ ಗುಜರಿ ಅಂಗಡಿಯ ಹಾಡೊಂದು ಅದೇ ಆಲ್ಬಮ್ಮಿನಲ್ಲಿ ಮಾತಿನೊಡನೆ ಒಮ್ಮೆ, ಮಾತಿಲ್ಲದೆ ಒಮ್ಮೆ ಬರುತ್ತದೆ. ಕೆಲವನ್ನು ಮಾತ್ರ ಆತ ‘ಬಿಲ್ಲಿ ಮಾರ್ಟಿನ್’ ಎಂಬ ಹುಸಿಹೆಸರಿನಲ್ಲಿ ಸ್ಟುಡಿಯೋ ಗೊತ್ತುಮಾಡಿಕೊಂಡು ಮುದ್ರಿಸಿದನು.

ಆಲ್ಬಮ್ ಹೊರಬಂದ ಬಗೆಯೂ ವಿಚಿತ್ರವಾದುದು. ಬೀಟಲ್ಸರ ‘ಲೆಟ್ ಇಟ್ ಬಿ’ಗೆ ಅಡ್ಡಬಾರದಂತೆ ದಿನವನ್ನು ಮುಂದೂಡೆಂದು ಕೇಳಲು ಸಂಧಾನಕ್ಕೆ ಬಂದ, ಮೇಳದವನೇ ಆದ ರಿಂಗೊ ಸ್ಟಾರನನ್ನು ಮೆಕಾರ್ಟ್ನಿ ಮನೆಯಿಂದ ಹೊರಗಟ್ಟಿದನು. ಪತ್ರಿಕೆಗಳಿಗೆ ಕಳುಹಿಸಿದ ಪ್ರತಿಗಳೊಡನೆ ತನ್ನದೇ ಪ್ರಶ್ನೋತ್ತರದ ಹಾಳೆಯೊಂದನ್ನು ಇರಿಸಿದ್ದನಾಗಿ, 1970ರ ಏಪ್ರಿಲ್ 10ರಂದು ಮೇಳ ಒಡೆದ ಸುದ್ದಿ ಲೋಕಕ್ಕೆಲ್ಲ ಹರಡಿತು. ಆಲ್ಬಮ್ ಅಂಗಡಿಗೆ ಬಂದುದು 17ರಂದು. ಹೀಗಾಗಿ ಆ ತಟ್ಟೆಯನ್ನು ಸೂಜಿಯ ಕೆಳಗಿಟ್ಟವರಲ್ಲಿ ಅನೇಕರು ಹಾಡನ್ನು ಕೇಳುವುದಕ್ಕೆ ಮೊದಲೇ ಹಾಡಿದವನ ಮೇಲೆ ಮುನಿದಿದ್ದರು. ವಿಮರ್ಶಕರು ಅದನ್ನು ಅರೆಬೆಂದ ಅಡುಗೆಯೆಂಬಂತೆ ಕಂಡರು. ಲೆನನ್ ಹಳಿದನು, ಮೇಳದ ಇನ್ನೊಬ್ಬ ಜಾರ್ಜ್ ಹ್ಯಾರಿಸನ್ ಎರಡು ಹಾಡುಗಳನ್ನು ಮನಸಾರೆ ಹೊಗಳಿ, ಉಳಿದವು ಸಾಧಾರಣವೆಂದನು. ಕೊಳ್ಳುವವರಾದರೋ ವಿಮರ್ಶಕರಿಗಾಗಿ ಕಾಯಲಿಲ್ಲ. ಅಮೆರಿಕದಲ್ಲಿ ಅದು ಮೂರು ವಾರ ಅಗ್ರಸ್ಥಾನದಲ್ಲಿತ್ತು. ಬ್ರಿಟನ್ನಿನಲ್ಲಿ ಸೈಮನ್ ಮತ್ತು ಗಾರ್ಫಂಕೆಲ್ ಜೋಡಿಯ ಆಲ್ಬಮ್ ಅಡ್ಡವಿದ್ದುದರಿಂದ ಎರಡನೆಯ ಸ್ಥಾನಕ್ಕೆ ನಿಂತಿತು.

ವಿಮರ್ಶಕರ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಕೆಲವು ವಾದ್ಯತುಣುಕುಗಳು ಇಂದಿಗೂ ಅಭ್ಯಾಸದ ಮಟ್ಟವನ್ನು ದಾಟಿದಂತೆ ತೋರುವುದಿಲ್ಲ. ಅಷ್ಟೇ ಅಲ್ಲ, ಎಲ್ಲರೂ ಏಕಕಂಠದಿಂದ ಮೆಚ್ಚಿದ ‘ಮೇಬಿ ಐಯಾಮ್ ಅಮೇಜ್ಡ್’ ಮುದ್ರಿತವಾದುದು ಆ ಮನೆಯಲ್ಲಲ್ಲ, ಅಬೆ ರೋಡಿನಲ್ಲಿಯೇ. ಮನೆಯ ಮುದ್ರಣವೇ ಸತ್ಯವಾದುದು, ಸ್ಟುಡಿಯೋದ್ದು ಕೃತಕವೆಂದು ಈಚೆಗೆ ವಾದಿಸುವವರು ಈ ಸಂಗತಿಯನ್ನು ಏಕೋ ಎತ್ತುವುದಿಲ್ಲ.

ಆದರೂ ಶ್ರೋತೃಗಳ ಕಿವಿ ಮೆಲ್ಲಮೆಲ್ಲನೆ ಬದಲಾಯಿತು. 1982ರ ಜನವರಿಯಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂ ಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕು ಮುದ್ರಿಸುವ ಸಣ್ಣ ಯಂತ್ರದಲ್ಲಿ, ತನ್ನ ಮೇಳಕ್ಕೆ ಮಾದರಿಯಾಗಲೆಂದು ಹಾಡುಗಳನ್ನು ಹಾಡಿಟ್ಟನು. ಡಬ್ಬಿಯೂ ಇಲ್ಲದ ಆ ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ತಿರುಗಿದನಂತೆ. ಮೇಳದವರನ್ನು ಸ್ಟುಡಿಯೋದಲ್ಲಿ ಕೂಡಿಸಿ ಅವೇ ಹಾಡುಗಳನ್ನು ನುಡಿಸಿ ನೋಡಿದಾಗ, ಜೇಬಿನ ಕ್ಯಾಸೆಟ್ಟಿನಲ್ಲಿದ್ದುದು ಮರಳಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟಿನ ಧ್ವನಿಯನ್ನೇ ತಟ್ಟೆಗಿಳಿಸಲು ತಂತ್ರಜ್ಞರು ಬಹಳ ಪಾಡುಪಟ್ಟರು. ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಅದು ಸೆಪ್ಟೆಂಬರಿನಲ್ಲಿ ಹೊರಬಂದಾಗ ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಮೆಕಾರ್ಟ್ನಿಯಲ್ಲಿ ದೋಷವೆನಿಸಿದ್ದ ಒರಟುತನವನ್ನೇ ಈ ಸಲ ವಿಮರ್ಶಕರು ಗುಣವೆಂದು ಎತ್ತಿ ಹಿಡಿದರು.