ಆದೇಶ ಗೆಜೆಟ್‌ನಲ್ಲಿ, ಕಾರಣ ಕಡತದಲ್ಲಿ: ಕಡಲ ಮೀನುಗಾರಿಕೆಯ ನಿರ್ಧಾರಗಳು ಮತ್ತು ಸಾರ್ವಜನಿಕ ಪಾರದರ್ಶಕತೆ

ಉಳ್ಳಾಲದಿಂದ ತಲಪಾಡಿ ದಾಟಿದರೆ ಮಂಜೇಶ್ವರ. ಕಡಲು ಅದೇ, ಬೂತಾಯಿ, ಬಂಗುಡೆಯ ಹಿಂಡುಗಳೂ ಅವೇ. ಆದರೆ ಮಳೆಗಾಲದ ನಿಷೇಧ ಮಾತ್ರ ಬೇರೆ ಬೇರೆ. ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ರಜೆ. ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ 52 ದಿನ. ರಾಜ್ಯದ ಗಡಿಯನ್ನು ಅರಿಯದ ಮೀನಿನ ಜೀವನಚಕ್ರದಲ್ಲಿ ಈ ಒಂಬತ್ತು ದಿನಗಳಿಗೆ ಕಾರಣ ಹುಡುಕಿ ಫಲವಿಲ್ಲ. ಕಾರಣವಿರುವುದು ಎರಡು ಸರಕಾರಗಳ ನಿರ್ಧಾರ ಪ್ರಕ್ರಿಯೆಯಲ್ಲಿ. ಆ ಪ್ರಕ್ರಿಯೆಯ ಎಷ್ಟು ಭಾಗ ಮೀನುಗಾರರ ಕಣ್ಣಿಗೆ ಬೀಳುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ವಿಷಯ. ಪ್ರಾದೇಶಿಕ ಜಲದಾಚೆಗಿನ ಮೀನುಗಾರಿಕೆ ಕೇಂದ್ರಪಟ್ಟಿಯ 57ನೇ ವಿಷಯ. ಹೀಗಾಗಿ ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ ಮಾತು, ಅಲ್ಲಿಂದ 200 ಮೈಲಿಯವರೆಗೆ ಕೇಂದ್ರದ ಮಾತು. ಮಲ್ಪೆಯಿಂದ ಹೊರಟ ಆಳಸಮುದ್ರ ಬೋಟು ಒಂದೇ ಯಾನದಲ್ಲಿ ಎರಡೂ ಅಧಿಕಾರಗಳ ಕೆಳಗೆ ಬಲೆ ಬಿಡುತ್ತದೆ. ರಾಜ್ಯದ ಅಧಿಕಾರದ ಮೂಲ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ. ಅದರ ಹಿಂದೆ ಒಂದು ಕಹಿ ನೆನಪಿದೆ. ಎಪ್ಪತ್ತರ ದಶಕದ ನಡುವಿನಲ್ಲಿ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಕೆಲವೇ ವರ್ಷಗಳಲ್ಲಿ, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಬಹುತೇಕ ಮೂಲೆ ಸೇರಿತು. ರಂಪಣಿಯವರಿಗೂ ಪರ್ಸೀನ್‌ನವರಿಗೂ ನಡೆದ ಜಗಳ ಬೀದಿಗೆ ಬಂತು. ಅಷ್ಟು ದೊಡ್ಡ ಬದಲಾವಣೆಯನ್ನು ಕರಾವಳಿಯ ಮೇಲೆ ತಂದವರು ರಂಪಣಿಯವರನ್ನು ಮೊದಲೇ ಕೇಳಿದ್ದರೆ ಎಂಬ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ನಿರ್ಬಂಧ ಹೇರಲು ಈ ಕಾನೂನು ಸರಕಾರದ ಮುಂದಿಡುವ ಆಧಾರಗಳಲ್ಲಿ ಮೂರು ಮುಖ್ಯ: ಮೀನುಗಾರರ ಬೇರೆ ಬೇರೆ ವರ್ಗಗಳ, ವಿಶೇಷವಾಗಿ ಸಾಂಪ್ರದಾಯಿಕ ದೋಣಿಯವರ ಹಿತ, ವೈಜ್ಞಾನಿಕ ನೆಲೆಯಲ್ಲಿ ಮೀನಿನ ಸಂರಕ್ಷಣೆ, ಕಡಲಿನಲ್ಲಿ ಶಾಂತಿ ಮತ್ತು ಸುವ್ಯವಸ್ಥೆ. ನನ್ನ ವಾದ ನಿಂತಿರುವುದು ಇಲ್ಲಿಯೇ. ಮೂರೂ ನ್ಯಾಯವಾದ ಆಧಾರಗಳೇ, ಆದರೆ ಮೂರಕ್ಕೂ ಬೇಕಾಗುವ ಪುರಾವೆ ಬೇರೆ. ಸಂರಕ್ಷಣೆಗಾಗಿ ಎಂದರೆ ಮೊಟ್ಟೆಯಿಡುವ ಕಾಲ ಯಾವುದು, ಹಿಡಿದದ್ದರಲ್ಲಿ ಮರಿಮೀನಿನ ಪಾಲೆಷ್ಟು ಎಂದು ಕೇಳಬಹುದು. ಹಿತರಕ್ಷಣೆಗಾಗಿ ಎಂದರೆ ಯಾರ ಹಿತ, ಎಷ್ಟು ಕುಟುಂಬ ಎಂದು ಲೆಕ್ಕ ಹಾಕಬಹುದು. ಜಗಳ ತಡೆಯಲು ಎಂದರೆ, ಜಗಳ ಇಳಿದ ಮೇಲೆ ಆದೇಶವನ್ನು ಮರುಪರಿಶೀಲಿಸಿ ಎನ್ನಬಹುದು. ಮಳೆಗಾಲದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗೆ ಕೊಡುವ ವಿನಾಯಿತಿ ಮೇಲುನೋಟಕ್ಕೆ ಮೊದಲ ಆಧಾರದ್ದು, 61 ದಿನ ಎರಡನೆಯದ್ದು. ದೀಪ ಹಾಕಿ ಮೀನು ಸೆಳೆಯುವ ಬೆಳಕು ಮೀನುಗಾರಿಕೆ ಮತ್ತು ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ನಿಷೇಧದಲ್ಲಿ ಮೂರೂ ಹೆಣೆದುಕೊಂಡಿವೆ. ಯಾವ ಆಧಾರಕ್ಕೆ ಎಷ್ಟು ತೂಕ ಎಂದು ಹೇಳದ ಆದೇಶವನ್ನು ಪರೀಕ್ಷಿಸುವುದು ಸಾಧ್ಯವಿಲ್ಲ. ಅದನ್ನು ಪಾಲಿಸಬಹುದು ಅಥವಾ ಮುರಿಯಬಹುದು, ಅಷ್ಟೇ.

ನಿಷೇಧದ ದಿನಗಳ ಇತಿಹಾಸವನ್ನೇ ನೋಡಿ. ಕೇಂದ್ರದ ಏಕರೂಪ ನಿಷೇಧ 47 ದಿನಗಳದ್ದಾಗಿತ್ತು. ತಾಂತ್ರಿಕ ಸಮಿತಿಯೊಂದರ ಶಿಫಾರಸಿನ ಮೇಲೆ 2015ರಲ್ಲಿ ಅದು 61 ಆಯಿತು. 2020ರಲ್ಲಿ ಲಾಕ್‌ಡೌನ್‌ನಿಂದ ಬೋಟುಗಳು ದಕ್ಕೆಯಲ್ಲೇ ಉಳಿದವೆಂದು ಪಶ್ಚಿಮ ಕರಾವಳಿಗೆ ಜೂನ್ 15ರಿಂದ ಜುಲೈ 31ರವರೆಗೆ, ಅಂದರೆ ಮತ್ತೆ 47 ದಿನಕ್ಕೆ ಇಳಿಯಿತು. ಕೈ ಬರಿದಾದ ಮೀನುಗಾರರಿಗೆ ಆ ಹದಿನಾಲ್ಕು ದಿನ ದೊಡ್ಡ ಆಸರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲಾಕ್‌ಡೌನ್ ತಂದ ಏಪ್ರಿಲಿನ ಬಿಡುವು ಜೂನಿನ ಬಿಡುವಿಗೆ ಸಮವೇ? ಪಶ್ಚಿಮ ಕರಾವಳಿಯ ಹಲವು ಜಾತಿಗಳು ಮೊಟ್ಟೆಯಿಡುವುದು ಮುಂಗಾರಿನ ನೀರಿನಲ್ಲಿ. ನಿಷೇಧ ಸಂರಕ್ಷಣೆಗಾಗಿಯೇ ಆಗಿದ್ದರೆ ಈ ಪ್ರಶ್ನೆಗೆ ಉತ್ತರ ಆದೇಶದ ಜೊತೆಗೇ ಜನರ ಕೈಸೇರಬೇಕು. ಜೀವನೋಪಾಯಕ್ಕಾಗಿ ಸಂರಕ್ಷಣೆಯನ್ನು ಆ ವರ್ಷ ಸ್ವಲ್ಪ ಸಡಿಲಿಸಿದ್ದೇವೆ ಎಂದು ನೇರವಾಗಿ ಹೇಳಿದರೂ ಅದು ಒಪ್ಪತಕ್ಕ ಉತ್ತರವೇ.

ಮಾಹಿತಿಯೇ ಇಲ್ಲ ಎನ್ನುವ ನೆಪ ಇಲ್ಲಿ ನಡೆಯದು. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದಕ್ಕೆಗಳಲ್ಲಿ ಮಾದರಿ ಸಮೀಕ್ಷೆ ನಡೆಸಿ ವರ್ಷ ವರ್ಷ ಅಂದಾಜು ಪ್ರಕಟಿಸುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಕುಸಿದದ್ದು ನಮಗೆ ತಿಳಿದಿರುವುದು ಈ ಅಂದಾಜಿನಿಂದಲೇ. ಆ ಕುಸಿತದಲ್ಲಿ ಕಡಲಿನ ತಾಪ ಮತ್ತು ಆಹಾರದ ಏರುಪೇರಿನ ಪಾಲೆಷ್ಟು, ಮರಿಮೀನಿನ ಬೇಟೆಯ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿದೆ. ರಾಜ್ಯದ ಮೀನುಗಾರಿಕೆ ಇಲಾಖೆಯೂ ತನ್ನದೇ ಉತ್ಪಾದನಾ ಲೆಕ್ಕ ಇಡುತ್ತದೆ. ಎರಡೂ ತಾಳೆಯಾಗಲೇಬೇಕೆಂದಿಲ್ಲ, ನಿರ್ಧಾರಕ್ಕೆ ಯಾವುದು ಆಧಾರವಾಯಿತು ಎಂಬುದು ತಿಳಿಯಬೇಕು. ಅಂಕಿಅಂಶ ಒಂದು ಕಡೆ, ಆದೇಶ ಇನ್ನೊಂದು ಕಡೆ. ನಡುವಿನ ದಾರಿ ಸಭಾ ನಡಾವಳಿಗಳಲ್ಲಿ, ಟಿಪ್ಪಣಿ ಹಾಳೆಗಳಲ್ಲಿ ಮುಚ್ಚಿಹೋಗುತ್ತದೆ.

ಆ ದಾರಿ ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಂಬತ್ತರ ದಶಕದ ಕೇರಳ ಒಳ್ಳೆಯ ಉದಾಹರಣೆ. ಮಳೆಗಾಲದ ಟ್ರಾಲಿಂಗ್ ನಿಲ್ಲಿಸಬೇಕೆಂಬ ಹೋರಾಟ, ಉಪವಾಸಗಳ ನಡುವೆ ಬಾಬು ಪೌಲ್ ಸಮಿತಿ, ಕಲಾವರ್ ಸಮಿತಿ, ಬಾಲಕೃಷ್ಣನ್ ನಾಯರ್ ಸಮಿತಿ ಎಂದು ಒಂದರ ಹಿಂದೆ ಒಂದು ಬಂದವು. ಅವು ಒಂದೇ ಮಾತು ಹೇಳಲಿಲ್ಲ. ಮೊದಲ ಸಮಿತಿಯೊಳಗೇ ನಿಷೇಧದ ಬಗ್ಗೆ ಒಮ್ಮತ ಮೂಡಲಿಲ್ಲ. 1988ರಲ್ಲಿ ನಿಷೇಧ ಬಂತು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1994ರಲ್ಲಿ ನ್ಯಾಯಾಲಯ ಈ ಸಮಿತಿಗಳ ವಾದಗಳನ್ನು ತೂಗಿ ನೋಡಿ ನಿಷೇಧವನ್ನು ಎತ್ತಿಹಿಡಿಯಿತು. ಭಿನ್ನಮತ ದಾಖಲೆಯಲ್ಲಿ ಬಹಿರಂಗವಾಗಿದ್ದುದು ನಿಷೇಧವನ್ನು ಸಡಿಲಗೊಳಿಸಲಿಲ್ಲ, ಗಟ್ಟಿಗೊಳಿಸಿತು ಎಂದೇ ನಾನು ಓದಿಕೊಳ್ಳುತ್ತೇನೆ. ಟ್ರಾಲ್ ಬೋಟಿನ ಮಾಲೀಕರು ಸೋತರು ನಿಜ, ಆದರೆ ಯಾವ ವಾದಕ್ಕೆ ಸೋತೆವೆಂದು ಅವರಿಗೆ ಗೊತ್ತಿತ್ತು.

ಶ್ರೀಮಂತ ದೇಶಗಳಲ್ಲಿ ಎಲ್ಲವೂ ನೆಟ್ಟಗಿದೆ ಎಂದೇನಲ್ಲ. ಐರೋಪ್ಯ ಒಕ್ಕೂಟದಲ್ಲಿ ವಿಜ್ಞಾನಿಗಳ ಸಲಹೆ ಎಲ್ಲರಿಗೂ ಓದಲು ಸಿಗುತ್ತದೆ. ಆದರೆ ಡಿಸೆಂಬರಿನಲ್ಲಿ ಸಚಿವರು ಕೂತು ದೇಶವಾರು ಪಾಲು ಹಂಚುವಾಗ ಯಾರು ಎಷ್ಟು ಹೆಚ್ಚು ಕೇಳಿದರು ಎಂಬುದು ಹೊರಬರುತ್ತಿರಲಿಲ್ಲ. 2020ರಲ್ಲಿ ಒಕ್ಕೂಟದ ಓಂಬುಡ್ಸ್‌ಮನ್ ಎಮಿಲಿ ಒ'ರೈಲಿ ಇದನ್ನು ದುರಾಡಳಿತವೆಂದೇ ಕರೆದರು. ಗಂಟು ಅಲ್ಲಿಯೂ ಸಲಹೆ ಮತ್ತು ನಿರ್ಧಾರದ ನಡುವೆಯೇ.

ಪಾರದರ್ಶಕತೆಗೆ ಎಲ್ಲೆಯೂ ಇದೆ. ಎಲ್ಲಿ ಬಲೆ ಬಿಟ್ಟರೆ ರಾಣಿಮೀನು ಸಿಗುತ್ತದೆ ಎಂಬುದು ಬೋಟು ನಡೆಸುವ ತಾಂಡೇಲನ ಜೀವಮಾನದ ಗಳಿಕೆ; ಬೋಟಿನ ಜಾಡನ್ನು ಊರಿಗೆಲ್ಲ ಹಂಚಿದರೆ ಅದು ಅನ್ಯಾಯ. ಮಾಹಿತಿ ಹಕ್ಕು ಕಾಯ್ದೆಯ 8ನೇ ಪ್ರಕರಣ ವಾಣಿಜ್ಯ ಗೋಪ್ಯತೆಗೆ ರಕ್ಷಣೆ ಕೊಟ್ಟಿದೆ. ಆದರೆ ಬೆಳಕು ಮೀನುಗಾರಿಕೆಗೆ ಕೇಂದ್ರ 2017ರ ನವೆಂಬರಿನಲ್ಲಿ ನಿಷೇಧ ಹೇರಿದ ಮೇಲೆ ಯಾವ ಬಂದರಿನಲ್ಲಿ ಎಷ್ಟು ಪ್ರಕರಣ, ಎಷ್ಟು ದಂಡ ಎಂಬುದು ಯಾರ ವ್ಯಾಪಾರದ ಗುಟ್ಟೂ ಅಲ್ಲ. ನಾಡದೋಣಿಯವರು ‘ಕಾಯ್ದೆ ನಮಗೊಬ್ಬರಿಗೇ’ ಎಂದು ಕುದಿಯುವುದು ಈ ಲೆಕ್ಕ ಕಣ್ಣೆದುರು ಇಲ್ಲದಾಗ.

ಅಧಿಸೂಚನೆಯ ಜೊತೆಗೆ ಯಾವ ಆಧಾರದ ಮೇಲೆ ನಿರ್ಧಾರ, ಬಳಸಿದ ಅಂದಾಜು ಯಾವುದು, ವಿಜ್ಞಾನಿಗಳ ಸಲಹೆಯನ್ನು ಎಲ್ಲಿ ಬಿಟ್ಟರು ಮತ್ತು ಏಕೆ, ಯಾವ ಸಂಘಗಳು ಏನು ಕೇಳಿದವು ಎಂಬಿಷ್ಟನ್ನು ಕನ್ನಡದಲ್ಲಿ ಪ್ರಕಟಿಸಿ ಪ್ರತಿ ಬಂದರಿನಲ್ಲೂ ಅಂಟಿಸಬೇಕು. ಹಿಂದಿನ ಋತುವಿನ ಪ್ರಕರಣಗಳ ಪಟ್ಟಿಯೂ ಅದರ ಪಕ್ಕದಲ್ಲಿರಲಿ. ಇದಕ್ಕಾಗಿ ಶಾಸನಸಭೆಗೆ ಕಾಯಬೇಕಿಲ್ಲ. ಜನರನ್ನು ತಟ್ಟುವ ನಿರ್ಧಾರ ಪ್ರಕಟಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕು, ಬಾಧಿತರಿಗೆ ಆಡಳಿತಾತ್ಮಕ ನಿರ್ಧಾರದ ಕಾರಣ ತಿಳಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4(1)ನೇ ಪ್ರಕರಣದ ಸಿ ಮತ್ತು ಡಿ ಖಂಡಗಳು ಯಾರೂ ಅರ್ಜಿ ಹಾಕದೆಯೇ ಇಲಾಖೆಯ ಮೇಲೆ ಹೊಣೆ ಹೊರಿಸಿವೆ. ಆ ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ.