ಕೊಹೋಸ್‌ನ ಕಿಲ್ನ್‌ನಲ್ಲಿ ಸುಟ್ಟ ನೊರೆ

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕಿಲ್ನ್ ಎಂಬ ಕುಲುಮೆ ನಡೆಸುತ್ತಲೇ ನನ್ನ ತಲೆಗೂದಲು ಹಣ್ಣಾಯಿತು. ನೀಲಿ ಗಾಜು ಹಿಡಿದು ಜ್ವಾಲೆ ನೋಡುವುದು, ಒಳಗಿನ ಕಾವು ಎಷ್ಟೆಂದು ಹೇಳುವುದು ನಮ್ಮ ಕಸುಬು. ಮಗಳ ಮನೆಗೆಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಹೋದಾಗ, ಹತ್ತಿರದ ಕೊಹೋಸ್ ಊರಿನ ಕಿಲ್ನ್ ಸಂಗತಿ ಕಿವಿಗೆ ಬಿತ್ತು. ಆಮೇಲೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಮೊಹಾಕ್ ನದಿ ಹಡ್ಸನ್ ಸೇರುವಲ್ಲಿ ಈ ಊರಿದೆ. 19ನೇ ಶತಮಾನದಲ್ಲಿ ಇಲ್ಲಿನ ಜಲಪಾತದ ಬಲದಿಂದ ಹಾರ್ಮನಿ ಹತ್ತಿ ಗಿರಣಿಗಳು ನಡೆದವು. ಗಿರಣಿಗಳ ಕಾಲ ಮುಗಿದ ಮೇಲೆ ನಾರ್ಲೈಟ್ ಕಂಪನಿ ಶೇಲ್ ಎಂಬ ಪದರುಗಲ್ಲನ್ನು ಇಲ್ಲೇ ಅಗೆದು, ತಿರುಗುವ ಕಿಲ್ನ್‌ನಲ್ಲಿ ಕಾಯಿಸಿ ಉಬ್ಬಿಸಿ, ಕಾಂಕ್ರೀಟಿಗೆ ಹಗುರ ಜಲ್ಲಿ ಮಾಡತೊಡಗಿತು. ಉರುವಲಾಗಿ ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯವನ್ನೂ ಸುಡುತ್ತಿತ್ತು. ಮಗ್ಗುಲಲ್ಲೇ ಸರಾಟೋಗ ಸೈಟ್ಸ್ ಎಂಬ ಬಡವರ ಸರ್ಕಾರಿ ವಸತಿ ಇತ್ತು.

ಇಲ್ಲಿಗೆ 2018-19ರಲ್ಲಿ ಸುಡಲೆಂದು ಬಂದದ್ದು ಅಮೆರಿಕದ ಸೇನೆಯ ಹಳೆಯ ದಾಸ್ತಾನು, ಬೆಂಕಿ ಆರಿಸುವ ನೊರೆ. 20 ಲಕ್ಷ ಪೌಂಡಿಗೂ ಹೆಚ್ಚು, ಅಂದರೆ 900 ಟನ್ ಮೀರಿ. 1960ರ ದಶಕದಲ್ಲಿ ಅಲ್ಲಿನ ನೌಕಾಪಡೆ ಮತ್ತು 3ಎಂ ಕಂಪನಿ ಸೇರಿ ರೂಪಿಸಿದ ಸರಕು ಅದು. 1967ರಲ್ಲಿ ಅದೇ ನೌಕಾಪಡೆಯ ಫಾರೆಸ್ಟಲ್ ಯುದ್ಧನೌಕೆಗೆ ಬೆಂಕಿ ಬಿದ್ದು 134 ಮಂದಿ ಸತ್ತಿದ್ದರು. ಅಂಥ ಇಂಧನದ ಬೆಂಕಿಯನ್ನು ಮುಚ್ಚಿ ನಂದಿಸುವ ನೊರೆ ಮಾಡಿದವರನ್ನು ನಾನು ಬೈಯಲಾರೆ.

ತೊಡಕು ಇದ್ದದ್ದು ಅದರೊಳಗಿನ ಪಿಎಫ್‌ಎಎಸ್ ರಾಸಾಯನಿಕಗಳಲ್ಲಿ. ಅವುಗಳಲ್ಲಿ ಇಂಗಾಲ ಫ್ಲೋರಿನ್‌ನೊಂದಿಗೆ ಕಟ್ಟಿಕೊಳ್ಳುವ ನಂಟು ಅತಿ ಬಿಗಿಯಾದದ್ದು. ಉದ್ದನೆಯ ಅಣುಗಳು ಕಿಲ್ನ್‌ನಲ್ಲಿ ಬೇಗ ತುಂಡಾಗುತ್ತವೆ, ನಿಜ. ಆದರೆ ತುಂಡಾದದ್ದು ನಾಶವಾದಂತಲ್ಲ. ಒಂದೇ ಇಂಗಾಲಕ್ಕೆ ನಾಲ್ಕು ಫ್ಲೋರಿನ್ ಅಂಟಿಕೊಂಡ ಚೂರು ಒಡೆಯಲು 1400 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಕಾವು ಬೇಕು. ಸಿಮೆಂಟ್ ಕಿಲ್ನ್‌ನ ಜ್ವಾಲೆ 2000 ಡಿಗ್ರಿ ಮುಟ್ಟುತ್ತದೆ. ಜಲ್ಲಿ ಉಬ್ಬಿಸಲು ಅಷ್ಟು ಬೇಕಿಲ್ಲ. ಮೇಲಾಗಿ ನೊರೆಯ ದ್ರವದಲ್ಲಿ ಹೆಚ್ಚಿನ ಪಾಲು ನೀರು, ನೀರು ಬರ್ನರ್‌ನ ಕಾವನ್ನು ನುಂಗುತ್ತದೆ. ಬಿಡುಗಡೆಯಾದ ಫ್ಲೋರಿನ್ ಸುಮ್ಮನಿರುವುದಿಲ್ಲ, ಹೈಡ್ರೋಜನ್ ಸೇರಿ ಉಗ್ರ ಆಮ್ಲವಾಗುತ್ತದೆ. ಅದನ್ನು ಸುಣ್ಣದಂಥ ಕ್ಷಾರದಿಂದ ಹಿಡಿಯಬೇಕು. ಕಾವು, ಹೊತ್ತು, ಗಾಳಿಯ ಬೆರಕೆ, ಈ ಮೂರರಲ್ಲಿ ಒಂದು ತಪ್ಪಿದರೂ ಅರೆಬೆಂದದ್ದು ಚಿಮಣಿ ಹತ್ತುತ್ತದೆ.

2020ರಲ್ಲಿ ಬೆನಿಂಗ್ಟನ್ ಕಾಲೇಜಿನ ಡೇವಿಡ್ ಬಾಂಡ್ ಮತ್ತು ಸಂಗಡಿಗರು ಕಾರ್ಖಾನೆಯ ಸುತ್ತಲಿನ ಮಣ್ಣು, ನೀರಿನಲ್ಲಿ ಈ ರಾಸಾಯನಿಕಗಳನ್ನು ಕಂಡರು. ರಾಜ್ಯದ ಪರಿಸರ ಇಲಾಖೆ ನಡೆಸಿದ ಪರೀಕ್ಷೆ ಮಾತ್ರ, ಕಾರ್ಖಾನೆಯತ್ತ ಬೆರಳು ಮಾಡುವಂಥ ಸ್ಪಷ್ಟ ವಿನ್ಯಾಸ ಕಾಣಲಿಲ್ಲ ಎಂದಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿ ನೊರೆ ಸುಡುವುದನ್ನು ರಾಜ್ಯದ ಕಾನೂನೇ ನಿಷೇಧಿಸಿತು. 2022ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೂ ಇಂಥ ದಹನಕ್ಕೆ ತಾತ್ಕಾಲಿಕ ತಡೆ ಹಾಕಿತು.

ನನ್ನನ್ನು ಕಾಡುವುದು ಒಂದು ತಾರೀಕು. ಚಿಮಣಿಯ ಹೊಗೆಯಲ್ಲಿ ಪಿಎಫ್‌ಎಎಸ್ ಅಳೆಯುವ ವಿಧಾನವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ್ದು 2021ರ ಜನವರಿಯಲ್ಲಿ, ಕೊಹೋಸ್‌ನಲ್ಲಿ ನೊರೆ ಸುಟ್ಟಾದ ಮೇಲೆ. ಚಿಮಣಿಗೆ ಹಾಕಬೇಕಿದ್ದ ಪ್ರಶ್ನೆಯನ್ನು ಜನರು ಮನೆ ಸುತ್ತಲಿನ ಮಣ್ಣಿಗೆ ಹಾಕಬೇಕಾಯಿತು.

ನಮ್ಮ ದೇಶದ ಸಿಮೆಂಟ್ ಕಿಲ್ನ್‌ಗಳಲ್ಲೂ ಅಪಾಯಕಾರಿ ತ್ಯಾಜ್ಯ ಸುಡಲು 2016ರ ನಿಯಮಗಳು ಅವಕಾಶ ಕೊಡುತ್ತವೆ. ಫ್ಲೋರಿನ್ ತುಂಬಿದ ತ್ಯಾಜ್ಯ ಅಲ್ಲಿಗೆ ಬಂದ ದಿನ, ಕಿಲ್ನ್ ಮುಂದೆ ನಿಂತಿರುವ ನನ್ನ ಕಿರಿಯ ಮಿತ್ರರು ಮೊದಲು ಚಿಮಣಿಯ ಹೊಗೆಯ ಅಳತೆ ಕೇಳಲಿ. ಅದು ಕೈಗೆ ಬರುವ ತನಕ ಬರ್ನರ್‌ಗೆ ಒಂದು ಡ್ರಮ್ಮನ್ನೂ ಬಿಡದಿರಲಿ.